ನಾಡಿ, ಉಸಿರು ಮೊದಲು, ಬಿಪಿ ಕೊನೆಗೆ: ಮನೆ ಆರೈಕೆಯವರಿಗೆ ವೈಟಲ್ಸ್ ಕಲಿಸಿದ ನನ್ನ ಅನುಭವ

ಎಸ್ಸೆಸ್ಸೆಲ್ಸಿ ಮುಗಿಸದ ಹೆಂಗಸರು ವೈಟಲ್ಸ್ (ನಾಡಿ, ಉಸಿರು, ಜ್ವರ, ಬಿಪಿ, ಆಕ್ಸಿಜನ್ ಮಟ್ಟ) ನೋಡಿ, ಫೋನಿನಲ್ಲೇ ಡಾಕ್ಟರಿಗೆ ಸರಿಯಾಗಿ ರಿಪೋರ್ಟ್ ಕೊಡ್ತಾರೆ ಅಂದ್ರೆ ನಮ್ಮ ಫೀಲ್ಡಿನವರೇ ನಂಬ್ತಿರಲಿಲ್ಲ. ಈಗ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ನನ್ನ ಹತ್ರ ಕಲಿತ ಇಪ್ಪತ್ತು ಇಪ್ಪತ್ತೈದು ಜನ ದಿನಾ ಅದನ್ನೇ ಮಾಡ್ತಿದ್ದಾರೆ. ಮೈಸೂರಿನಲ್ಲಿ ಹೋಮ್ ನರ್ಸಿಂಗ್ ಏಜೆನ್ಸಿ ನಡೆಸುವ ಒಬ್ಬರು "ಟ್ಯಾಕಿಕಾರ್ಡಿಯಾ (ನಾಡಿ ಜೋರಾಗಿ ಓಡೋದು) ಎಲ್ಲ ಇವರಿಗ್ಯಾಕೆ, ಡೈಪರ್ ಬದಲಾಯಿಸಿದ್ರೆ ಸಾಕು" ಅಂದಿದ್ರು. ಆಶಾ ಕಾರ್ಯಕರ್ತೆಯರು ಮಗುವಿನ ಉಸಿರು ಎಣಿಸ್ತಾರಲ್ಲ? ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗೆ 50, ಐದು ವರ್ಷದ ತನಕ 40, ಅಷ್ಟಾದರೆ ಅಥವಾ ದಾಟಿದರೆ ಆಸ್ಪತ್ರೆಗೆ. ಅವರಿಗೆ ಬರೋದು ಇವರಿಗೂ ಬರುತ್ತೆ ಅನ್ನೋ ಹಟ ನನ್ನದು.

ಮೊದಲು ದುಡ್ಡು ಹೋದ ದಾರಿ ಹೇಳ್ತೀನಿ. ನಾರ್ಮಲ್ ರೇಂಜ್ ಬರೆಸಿದ ದೊಡ್ಡ ಪೋಸ್ಟರ್‌ಗೆ ನಾಲ್ಕು ಸಾವಿರದ ಹತ್ತಿರ ಆಯ್ತು. ನಾಡಿ 60ರಿಂದ 100, ಉಸಿರು 12ರಿಂದ 20, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾವಾರು) 95ರ ಮೇಲೆ ಅಂತ ಎಲ್ಲರೂ ಬಾಯಿಪಾಠ ಮಾಡಿದರು. ಚಾರ್ಟ್ ತೆಗೆದು ನೋಡಿದರೆ ಉಸಿರಿನ ಕಾಲಂನಲ್ಲಿ ಎಲ್ಲರದೂ 18 ಇಲ್ಲಾ 20. ಎಣಿಸದೆ ಅಂದಾಜಿಗೆ ಅಂಕಿ ತುಂಬುವ ಈ ರೋಗ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತೆ. ಆಮೇಲೆ ಮೆಡಿಕಲ್ ಪದಗಳ ನೋಟ್ಸ್ ಕೊಟ್ಟೆ. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು, ಫೋನಿನಲ್ಲಿ ಮಾತ್ರ ಟ್ಯಾಕಿಕಾರ್ಡಿಯಾ, ಟ್ಯಾಕಿಪ್ನಿಯಾ (ಉಸಿರು ಜೋರಾಗಿ ಓಡೋದು) ಅದಲುಬದಲು. ಇನ್ನು ಮಣಿಕಟ್ಟಿನ ಬಿಪಿ ಮೆಷಿನ್. ಸಾವಿರ ಚಿಲ್ಲರೆಯಂತೆ ಆರೇಳು ತಂದಿದ್ದೆ. ಕೈ ತೊಡೆ ಮೇಲಿದ್ದರೆ ಒಂದು ಲೆಕ್ಕ, ಎದೆಮಟ್ಟಕ್ಕೆ ಎತ್ತಿದರೆ ಇನ್ನೊಂದು ಲೆಕ್ಕ. ಎಲ್ಲವೂ ಈಗ ಅಟ್ಟದ ಮೇಲಿವೆ.

ತೋಳಿನ ಮೆಷಿನ್‌ಗೆ ಎರಡು ಸಾವಿರದ ಆಸುಪಾಸು. ಅದರ ಜೊತೆ ಬರುವ ಕಫ್ (ತೋಳಿಗೆ ಸುತ್ತುವ ಪಟ್ಟಿ) ಎಲ್ಲ ತೋಳಿಗೂ ಆಗಲ್ಲ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಪಾಂಡವಪುರದ ಕಡೆಯ ಯಜಮಾನರೊಬ್ಬರಿಗೆ ಸದಾ 160 ಮೇಲೆ ಬರ್ತಿತ್ತು, ಮಾತ್ರೆ ಹೆಚ್ಚಿಸುವ ಮಾತೂ ನಡೀತಿತ್ತು. ಏಳೆಂಟು ನೂರು ಕೊಟ್ಟು ದೊಡ್ಡ ಕಫ್ ತರಿಸಿ ಹಾಕಿದರೆ 140ರ ಒಳಗೆ. ಆ ದುಡ್ಡು ಅವತ್ತೇ ವಸೂಲಿ ಆಯ್ತು ಅಂದುಕೊಂಡೆ.

ಕೊನೆಗೆ ಕೈಹಿಡಿದದ್ದು ಅಳೆಯುವ ಕ್ರಮ. ಮನೆಗೆ ಹೋದ ಕೂಡಲೇ ಬ್ಯಾಗಿಂದ ಮೆಷಿನ್ ತೆಗೆಯಬಾರದು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ ಕೂರಿಸಬೇಕು. ಜಗಲಿ ಮೇಲೆ ಕಾಲು ಇಳಿಬಿಟ್ಟು ಕೂತವರಿಗೆ ಬಿಪಿ ನೋಡೋದು ಬೇಡ. ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ನಾಡಿ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸೋದು ನನ್ನ ಹತ್ರ ನಡೆಯಲ್ಲ. ಬೆರಳು ಅಲ್ಲೇ ಇರಬೇಕು, ಕಣ್ಣು ಎದೆ ಕಡೆ ಹೋಗಬೇಕು, ಇನ್ನೊಂದು ನಿಮಿಷ ಉಸಿರು. ಉಸಿರು ಎಣಿಸ್ತಿದ್ದಾರೆ ಅಂತ ಗೊತ್ತಾದರೆ ಯಾರೂ ಸಹಜವಾಗಿ ಉಸಿರಾಡಲ್ಲ. ಆಮೇಲೆ ಥರ್ಮಾಮೀಟರ್, ಆಕ್ಸಿಮೀಟರ್. ಇಷ್ಟಾಗುವಷ್ಟರಲ್ಲಿ ಐದು ನಿಮಿಷ ದಾಟಿರುತ್ತೆ, ಬಿಪಿಗೆ ಮುಂಚೆ ಬೇಕಾದ ವಿಶ್ರಾಂತಿ ಯಾರೂ ಹೇಳದೆ ಸಿಕ್ಕಿರುತ್ತೆ. ಮೂತ್ರಕ್ಕೆ ಹೋಗಿ ಬಂದಿರಬೇಕು, ಕಫ್ ಬಿಗಿಯುವಾಗ ಮನೆಯವರೂ ಮಾತಾಡಿಸಬಾರದು.

ಚಾರ್ಟಿನಲ್ಲಿ ಇವತ್ತಿನ ಅಂಕಿ ಪಕ್ಕದಲ್ಲೇ ನಿನ್ನೆಯದು. ಫೋನಿನಲ್ಲೂ ಹಾಗೇ ಜೋಡಿಯಾಗಿ ಹೇಳಬೇಕು. ಬೀಡಿ ಸೇದಿ ಸೇದಿ ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಆದವರ ಚಾರ್ಟಿನ ತಲೆಯಲ್ಲಿ ಡಾಕ್ಟರ್ ಕೈಯಲ್ಲೇ ಸ್ಯಾಚುರೇಶನ್ ಟಾರ್ಗೆಟ್ ಬರೆಸ್ತೀನಿ, ಹೆಚ್ಚಿನವರಿಗೆ 88ರಿಂದ 92 ಬರೀತಾರೆ. ಇಲ್ಲದಿದ್ದರೆ 90 ನೋಡಿ ಗಾಬರಿಯಾಗಿ ಆಕ್ಸಿಜನ್ ಏರಿಸಿಬಿಡ್ತಾರೆ, ಇಂಥವರಿಗೆ ಅದು ಜಾಸ್ತಿಯಾದರೂ ಅಪಾಯ.

ಪದಗಳನ್ನ ನಾನೀಗ ಕೊನೆಗೆ ಕಲಿಸೋದು. ಮೊದಲು ಕೈಗೆ ಗೊತ್ತಾಗಬೇಕು, ಆಮೇಲೆ ಅಂಕಿ, ಆಮೇಲೆ ಹೆಸರು. ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್ ಮಾತ್ರೆ ನುಂಗುವ ತಾತನ ನಾಡಿ 52 ಸಿಕ್ಕ ದಿನವೇ, ಎಣಿಸಿದ ಹುಡುಗಿಗೆ ಇದು ಬ್ರಾಡಿಕಾರ್ಡಿಯಾ (ನಾಡಿ ನಿಧಾನ ಆಗೋದು) ಅಂತ ಹೇಳಿಕೊಟ್ಟೆ. ಆ ಹುಡುಗಿ ಜನ್ಮದಲ್ಲಿ ಮರೆಯಲ್ಲ.

ಅನುಮಾನ ಪಟ್ಟವರ ಬಾಯಿ ಮುಚ್ಚಿಸಿದ್ದು ಮಳವಳ್ಳಿ ಹತ್ತಿರದ ಒಂದು ಫೋನ್ ಕರೆ. ಕರೆ ಮಾಡಿದ ಹುಡುಗಿ ಏಳನೇ ಕ್ಲಾಸಿಗೇ ಸ್ಕೂಲ್ ಬಿಟ್ಟವಳು. "ಮೇಡಂ, ಉಸಿರು ನಿನ್ನೆ 18, ಇವತ್ತು 26. ನಾಡಿ 88 ಇದ್ದದ್ದು 112. ಜ್ವರ 99. ಸ್ಯಾಚುರೇಶನ್ ನಿನ್ನೆ 97, ಇವತ್ತು 93. ಬಿಪಿ ನಿನ್ನೆ 130, ಇವತ್ತು ಮೇಲಿಂದು 110. ಅಜ್ಜಿ ಕೂಗಿದ್ರೆ ಕಣ್ ಬಿಡ್ತಾವ್ರೆ, ಸುಮ್ನಿದ್ರೆ ಮುಚ್ಕೋತಾವ್ರೆ." ಮನೆಯವರು ಜ್ವರ ಇಲ್ಲವಲ್ಲ, ರಾಗಿ ಗಂಜಿ ಕುಡಿಸಿದ್ರೆ ಸರಿಹೋಗುತ್ತೆ ಅಂತಿದ್ದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್ ಸ್ಕೋರ್ ಅಂತ ಒಂದಿದೆ, ವೈಟಲ್ಸ್ ಎಷ್ಟು ಕೆಟ್ಟಿದೆ ಅಂತ ನೋಡಿ ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸೋದು. ಅದರಲ್ಲಿ ಹಾಕಿ ನೋಡಿ: ಉಸಿರಿಗೆ 3, ನಾಡಿಗೆ 2, ಸ್ಯಾಚುರೇಶನ್‌ಗೆ 2, ಬಿಪಿಗೆ 1, ಎಚ್ಚರಕ್ಕೆ 3. ಒಟ್ಟು 11. ಏಳು ಮುಟ್ಟಿದರೇ ಎಮರ್ಜೆನ್ಸಿ. ಜ್ವರಕ್ಕೆ ಬಂದದ್ದು ಸೊನ್ನೆ! ಮಧ್ಯಾಹ್ನದೊಳಗೆ ಅಡ್ಮಿಟ್ ಮಾಡಿಸಿದೆವು. ನ್ಯುಮೋನಿಯಾ. ವಯಸ್ಸಾದವರಿಗೆ ಜ್ವರ ಏರದೆಯೂ ಬರುತ್ತೆ. ವಾರದ ಮೇಲೆ ಅಜ್ಜಿ ಮನೆಗೆ ಬಂದರು. "ಇದೆಲ್ಲ ಇವರ ಕೈಲಿ ಆಗಲ್ಲ" ಅಂತಿದ್ದ ಡಾಕ್ಟರೊಬ್ಬರು ಈಗ ಅದೇ ಚಾರ್ಟನ್ನ ವಾಟ್ಸಾಪ್‌ನಲ್ಲಿ ಕೇಳಿ ತರಿಸಿಕೊಳ್ತಾರೆ.

ನಡುನಡುವೆ ಬೇರೆ ಪರೀಕ್ಷೆಗಳನ್ನೂ ಮಾಡಿದ್ದೀನಿ. ಮದುವೆ ಮನೆಯಲ್ಲಿ ಮೆಹಂದಿ ಬೆರಳು, ಖಾಲಿ ಬೆರಳು ಎರಡಕ್ಕೂ ಆಕ್ಸಿಮೀಟರ್ ಹಾಕಿ ನೋಡಿದೆ. ಕೆಂಪಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಕಪ್ಪು ಮೆಹಂದಿ ಹಚ್ಚಿದ ಕಡೆ ಒಮ್ಮೊಮ್ಮೆ ಅಂಕಿಯೇ ಬರಲಿಲ್ಲ. ಡಿಸೆಂಬರ್ ಬೆಳಿಗ್ಗೆ ತಣ್ಣಗಿನ ಕೈಗಳದ್ದೂ ಇದೇ ಕಥೆ, ಅಂಗೈ ಉಜ್ಜಿ ಬಿಸಿ ಮಾಡಿ ಹಾಕಿ. ಕಾಫಿ ಕುಡಿದ ಮೇಲೆ ಕೆಲವರ ಬಿಪಿ ಎಂಟು ಹತ್ತು ಏರಿತು, ಕೆಲವರದು ಅಲ್ಲಾಡಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಕಾಫಿ ಕೊಡದೆ ಬಿಡಲ್ಲ, ತಾವೂ ಜೊತೆಗೆ ಕುಡೀತಾರೆ. ಅದಕ್ಕೇ ಕಾಫಿ ಆಮೇಲೆ ಅಂತ ಮೊದಲೇ ಹೇಳಿಬಿಡಿ.

ಎಣಿಸದೆ ಅಂಕಿ ತುಂಬಿದರೆ ನಾನು ಹೇಗೆ ಹಿಡೀತೀನಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ನನ್ನ ಹುಡುಗಿಯರೂ ಇದನ್ನ ಓದ್ತಾರೆ.

ಬಿಪಿ ಮೆಷಿನ್, ಆಕ್ಸಿಮೀಟರ್, ಥರ್ಮಾಮೀಟರ್, ಸೆಕೆಂಡ್ ಮುಳ್ಳಿನ ವಾಚ್ ಸೇರಿ ಒಂದು ಕಿಟ್ಟಿಗೆ ಈಗ ನಾಲ್ಕು ಸಾವಿರದಷ್ಟು ಬೀಳುತ್ತೆ. ಸಂಬಳದಲ್ಲಿ ತಿಂಗಳಿಗೆ ಇನ್ನೂರು ಮುನ್ನೂರು ಹಿಡಿದುಕೊಂಡು ಕಿಟ್ಟನ್ನ ಅವರದೇ ಮಾಡಿಬಿಡ್ತೀನಿ. ಸ್ವಂತದ ಮೆಷಿನ್ ಯಾರೂ ನೆಲಕ್ಕೆ ಬೀಳಿಸಲ್ಲ. ಈ ವರ್ಷ ಮಲಗಿದಾಗ ಒಂದು ಸಲ, ಎದ್ದು ನಿಂತ ಒಂದು ಮತ್ತು ಮೂರು ನಿಮಿಷಕ್ಕೆ ಇನ್ನೆರಡು ಸಲ ಬಿಪಿ ನೋಡೋದನ್ನ ಶುರು ಮಾಡಿಸಿದ್ದೀನಿ. ಮೇಲಿನ ಅಂಕಿ 20 ಇಳಿದರೆ ಆರ್ಥೋಸ್ಟ್ಯಾಟಿಕ್ ಹೈಪೊಟೆನ್ಷನ್ (ಎದ್ದು ನಿಂತಾಗ ಬಿಪಿ ಕುಸಿಯೋದು). ಬೆಳಗಿನ ಜಾವ ಬಚ್ಚಲಿಗೆ ಹೋಗಿ ಬೀಳುವ ಮುದುಕರಲ್ಲಿ ಈಗಾಗಲೇ ನಾಲ್ಕೈದು ಜನ ಸಿಕ್ಕಿದ್ದಾರೆ. ಇಬ್ಬರಿಗೆ ಡಾಕ್ಟರ್ ಬಿಪಿ ಮಾತ್ರೆ ಕಡಿಮೆ ಮಾಡಿದರು.