ಧೂಪದ ಬೀಜ ಕಾಯುವುದಿಲ್ಲ

ಕಾರ್ಕಳ, ಮೂಡುಬಿದಿರೆ ಕಡೆಯ ಹಳೇ ರಸ್ತೆಗಳ ಬದಿಯಲ್ಲಿ ಸಾಲುಧೂಪದ ಮರಗಳ ನೆರಳಲ್ಲಿ ಓಡಾಡಿದವರು ನಾವು. ರಸ್ತೆ ಅಗಲವಾಗುತ್ತಾ ಬಂದಂತೆ ಅವು ಉರುಳುತ್ತಾ ಬಂದವು. ಪಶ್ಚಿಮ ಘಟ್ಟದ ಸೀಮೆ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯದ ಮರ ಇದು. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲೂ ಸೇರಿದೆ. ಕಾಡಿನೊಳಗಿದ್ದ ದೊಡ್ಡ ಮರಗಳು ಪ್ಲೈವುಡ್‌ಗೆಂದು ಎಷ್ಟೋ ಹೋಗಿವೆ. ರಸ್ತೆಬದಿಯಲ್ಲಿ ಉಳಿದ ತಾಯಿಮರಗಳ ಬೀಜವಾದರೂ ಕೈತಪ್ಪಬಾರದು ಅಂತ ನಾನು ಸಸಿ ಮಾಡಲು ಶುರು ಮಾಡಿದೆ.

ಧೂಪದ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ಒಣಗಿತೋ, ಸತ್ತಿತು. ಮಳೆ ಹಿಡಿಯುವ ಹೊತ್ತಿಗೆ ಕಾಯಿ ಬೀಳುತ್ತದೆ. ಅದೇ ವಾರ ಮಣ್ಣಿಗೆ ಸೇರಬೇಕು. ನಾನು ಆರಿಸುವುದು ಕೈಗೆ ಭಾರ ಅನಿಸುವ, ತೂತಿಲ್ಲದ ಕಾಯಿ. ತೂತಿದ್ದರೆ ಒಳಗೆ ಹುಳ ಇದೆ ಅಂತಲೇ ಲೆಕ್ಕ. ಕಂದು ಸಿಪ್ಪೆ ಮೂರು ಸೀಳಾಗಿ ಬಿರಿದು, ತುದಿಯಲ್ಲಿ ದಪ್ಪ ಬೇರು ಇಣುಕುತ್ತಿರುವ ಕಾಯಿ ಸಿಕ್ಕಿದರೆ ಖುಷಿ. ಒದ್ದೆ ಗೋಣಿಯಲ್ಲಿ ಸುತ್ತಿ ತರುತ್ತೇನೆ, ಆ ಬೇರು ಮುರಿಯಬಾರದು ನೋಡಿ.

ಸಸಿ ಹಾಕುವ ಪ್ಲಾಸ್ಟಿಕ್ ಚೀಲ, ಅಂದರೆ ತೊಟ್ಟೆ, ಉದ್ದದ್ದೇ ಆಗಬೇಕು. ತಾಯಿಬೇರು ಸೀದಾ ಕೆಳಗಿಳಿಯುತ್ತದೆ, ಗಿಡ್ಡ ತೊಟ್ಟೆಯಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಮಣ್ಣು, ಮರಳು, ಹಟ್ಟಿಗೊಬ್ಬರದ ಜೊತೆ ತಾಯಿಮರದ ಬುಡದ ಮಣ್ಣನ್ನೂ ಒಂದು ಹಿಡಿ ಬೆರೆಸುತ್ತೇನೆ. ಈ ಜಾತಿಯ ಮರಗಳ ಬೇರಿಗೆ ಒಂದು ಬಗೆಯ ಶಿಲೀಂಧ್ರದ ನಂಟಿದೆ, ಅದು ಆ ಮಣ್ಣಿನಲ್ಲೇ ಬರುತ್ತದೆ. ಬೀಜವನ್ನು ಅಡ್ಡ ಮಲಗಿಸಿ, ಅರ್ಧ ಮುಚ್ಚಿದರೆ ಸಾಕು. ಮೊದಲು ಬರುವ ಎಲೆ ಕೆಂಪಗೆ, ಮೆತ್ತಗೆ ಇಳಿಬಿದ್ದಿರುತ್ತದೆ. ಬಾಡಿತು ಅಂತ ಹೆದರಬೇಡಿ, ಚಿಗುರು ಇರುವುದೇ ಹಾಗೆ. ಎಳೆ ಸಸಿಗೆ ನೆರಳು ಬೇಕೇ ಬೇಕು. ಅಡಿಕೆ ತೋಟದ ಬದಿ ಒಳ್ಳೇ ಜಾಗ.

ಬೀಜಕ್ಕೆ ದುಡ್ಡೂ ಇದೆ. ಅದರಿಂದ ತುಪ್ಪದ ಹಾಗೆ ಗಟ್ಟಿಯಾಗುವ ಕೊಬ್ಬು ಸಿಗುತ್ತದೆ. ಸೋಪಿಗೆ, ಮೇಣದಬತ್ತಿಗೆ, ಚಾಕಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲಿಗೂ ಹೋಗುತ್ತದೆ. ಹಾಗಾಗಿ ಆರಿಸಿ ಮಾರುವವರಿದ್ದಾರೆ. ಅದು ತಪ್ಪು ಅಂತ ನಾನು ಹೇಳುವುದಿಲ್ಲ, ಮಳೆಗಾಲದ ಶುರುವಿನಲ್ಲಿ ಕೂಲಿ ಇಲ್ಲದ ಮನೆಗೆ ಅದೇ ಆಸರೆ. ಬುಡ ಪೂರ್ತಿ ಗುಡಿಸದೆ ಸ್ವಲ್ಪ ಬಿಡಿ ಅಂತ ಮಾತ್ರ ಕೇಳುತ್ತೇನೆ. ಆದರೆ ರಾಳಕ್ಕಾಗಿ ಕಾಂಡ ಕೆತ್ತಿ ಬೆಂಕಿ ಹಿಡಿಯುವುದನ್ನು ಒಪ್ಪಲಾರೆ. ಹಾಗೆ ಮಾಡಿದ ಮರ ವರ್ಷ ವರ್ಷ ಸೊರಗುತ್ತದೆ.

ಬೇಸಿಗೆಯಲ್ಲಿ ಬಿಳಿ ಹೂವು ಬಿಟ್ಟಾಗ ಮರದ ಕೆಳಗೆ ನಿಂತರೆ ಪರಿಮಳದ ಜೊತೆ ಜೇನಿನ ಸದ್ದೂ ಕೇಳುತ್ತದೆ. ಹೆಜ್ಜೇನು, ತುಡುವೆ ಎರಡೂ ಬರುತ್ತವೆ. ಜೇನುಪೆಟ್ಟಿಗೆ ಇಟ್ಟವರು ಒಂದೆರಡು ಧೂಪ ನೆಡಲೇಬೇಕು.

ನೆಡುವಾಗ ಕರೆಂಟ್ ತಂತಿಯ ಕೆಳಗೆ ಬೇಡ, ಮರ ಬಹಳ ಎತ್ತರ ಹೋಗುತ್ತದೆ. ಹಾಡಿ, ಬನ, ತೋಡಿನ ಬದಿ ಸರಿ. ಮೊದಲ ಕೆಲವು ಬೇಸಿಗೆ ಬುಡಕ್ಕೆ ತರಗೆಲೆ ಹೊದಿಸಿ, ನೀರು ಕೊಡಿ. ನಿಮ್ಮೂರಿನ ರಸ್ತೆಯಲ್ಲಿ ಮರಕ್ಕೆ ಕಡಿಯುವ ಗುರುತು ಬಿದ್ದಿದ್ದರೆ, ಈ ಜೂನ್‌ನಲ್ಲೇ ಅದರ ಬೀಜ ಆರಿಸಿಕೊಳ್ಳಿ.