ತೋಳಿನ ಮೂಳೆ ಮುರಿತ: ಮನುಷ್ಯನಿಗೆ ಪಟ್ಟಿ, ನಾಯಿಗೆ ಪ್ಲೇಟ್ ಏಕೆ?

ಮುಂಗಾಲಿನ ಮೇಲ್ಭಾಗದ ಮೂಳೆ ಮುರಿದುಕೊಂಡ ನಾಯಿಯನ್ನು ಹೊತ್ತು ತಂದವರಿಗೆ ಶಸ್ತ್ರಚಿಕಿತ್ಸೆ ಆಗಲೇಬೇಕು ಎಂದು ತಿಳಿಸಿದಾಗ, ಅವರಿಂದ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮಮ್ಮನಿಗೂ ಇದೇ ತೋಳಿನ ಮೂಳೆ ಮುರಿದಿತ್ತು ಡಾಕ್ಟ್ರೇ. ಪಟ್ಟಿ ಹಾಕಿ ಕಳಿಸಿದ್ರು, ಕೂಡ್ಕೊಂಡ್ತು. ಇದಕ್ಕೆ ಮಾತ್ರ ಯಾಕೆ ಕೊಯ್ಯಬೇಕು?" ಪಶುವೈದ್ಯನಾಗಿ ಮೊದಲು ಹಳ್ಳಿಗಳ ದನಕರುಗಳನ್ನು, ಆಮೇಲೆ ನಗರದಲ್ಲಿ ನಾಯಿ ಬೆಕ್ಕುಗಳನ್ನು ನೋಡುತ್ತ ಬಂದ ನನಗೆ ಈ ಪ್ರಶ್ನೆ ಬಹಳ ನ್ಯಾಯವಾದದ್ದು ಎನಿಸಿದೆ. ಮೂಳೆ ತಜ್ಞರಾಗಿರುವ ಸ್ನೇಹಿತರೊಬ್ಬರೊಂದಿಗೆ ಎಕ್ಸ್‌ರೇಗಳನ್ನು ಪಕ್ಕಪಕ್ಕದಲ್ಲಿಟ್ಟು ಚರ್ಚಿಸುತ್ತ ಇದಕ್ಕೆ ಉತ್ತರ ಕಂಡುಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನುಷ್ಯ ನೆಟ್ಟಗೆ ನಿಲ್ಲುವುದರಿಂದ ಅವನ ತೋಳು ಕೆಳಗೆ ಜೋತಾಡುತ್ತದೆ. ಹ್ಯೂಮರಸ್ ಎಂಬ ಈ ಮೂಳೆ ನಡುವೆ ಮುರಿದಾಗ ಮುಂಗೈಯ ಭಾರವೇ ಕೆಳಗಿನ ತುಂಡನ್ನು ಎಳೆದು ಸಾಲಿಗೆ ತರುತ್ತದೆ, ಸುತ್ತಲಿನ ದಪ್ಪ ಸ್ನಾಯುಗಳು ಎರಡೂ ತುಂಡುಗಳನ್ನು ಹಿಡಿದಿಡುತ್ತವೆ. ಮೂಳೆ ತಜ್ಞ ಆಗಸ್ಟೊ ಸಾರ್ಮಿಯೆಂಟೊ ಅವರು 1977ರಲ್ಲಿ ಪ್ರಕಟಿಸಿದ ಪ್ಲಾಸ್ಟಿಕ್ ಬ್ರೇಸ್ ವಿಧಾನವು ನಿಂತಿರುವುದು ಈ ತತ್ತ್ವದ ಮೇಲೆಯೇ. ಮೊದಲ ಒಂದೆರಡು ವಾರ ಪ್ಲಾಸ್ಟರ್ ಪಟ್ಟಿಯಲ್ಲಿಟ್ಟು, ಊತ ಇಳಿದ ಮೇಲೆ ತೋಳನ್ನು ಸುತ್ತಲೂ ಒತ್ತಿ ಹಿಡಿಯುವ ಬ್ರೇಸ್ ಹಾಕಿ, ಮೊಣಕೈಯನ್ನು ಬೇಗನೆ ಆಡಿಸಲು ಬಿಡುತ್ತಾರೆ. ಮೂಳೆ ಸ್ವಲ್ಪ ಓರೆಯಾಗಿ ಕೂಡಿಕೊಂಡರೂ ಭುಜದ ಕೀಲು ಎಲ್ಲ ದಿಕ್ಕಿಗೂ ತಿರುಗುವಂಥದ್ದಾದ್ದರಿಂದ ಕೈ ಕೆಲಸಕ್ಕೆ ತೊಡಕಾಗುವುದಿಲ್ಲ. ಮುಂದಕ್ಕೆ 20 ಡಿಗ್ರಿ, ಪಕ್ಕಕ್ಕೆ 30 ಡಿಗ್ರಿ ಬಾಗಿದರೂ, 3 ಸೆಂಟಿಮೀಟರ್‌ವರೆಗೆ ಗಿಡ್ಡವಾದರೂ ಸಹಿಸಬಹುದು ಎಂಬ ಮಿತಿಗಳನ್ನು ಮೂಳೆ ತಜ್ಞರು ಬಹುಕಾಲದಿಂದ ಪಾಲಿಸುತ್ತಿದ್ದಾರೆ.

ನಾಯಿಯಲ್ಲಿ ಈ ಅನುಕೂಲಗಳು ಯಾವುವೂ ಇಲ್ಲ. ದೇಹದ ತೂಕದ ಸುಮಾರು 60 ಪ್ರತಿಶತ ಅದರ ಮುಂಗಾಲುಗಳ ಮೇಲೆಯೇ ಬೀಳುತ್ತದೆ, ಆದ್ದರಿಂದ ಕಾಲೂರಿದ ಪ್ರತಿ ಸಲವೂ ಮುರಿದ ತುದಿಗಳು ಒಂದರ ಮೇಲೊಂದು ಸರಿಯುತ್ತವೆ. ಯಾವುದೇ ಮುರಿತವನ್ನು ಹೊರಗಿನಿಂದ ಕಟ್ಟಿ ನಿಲ್ಲಿಸಬೇಕಾದರೆ ಅದರ ಮೇಲಿನ ಮತ್ತು ಕೆಳಗಿನ ಕೀಲುಗಳೆರಡೂ ಅಲುಗದಂತಿರಬೇಕು. ಆದರೆ ನಾಯಿಯ ಹ್ಯೂಮರಸ್ ಎದೆಗೂಡಿಗೆ ಅಂಟಿಕೊಂಡಂತೆ ಓರೆಯಾಗಿ ಕೂತಿರುವುದರಿಂದ ಭುಜದ ಕೀಲನ್ನು ಪಟ್ಟಿಯೊಳಗೆ ಹಿಡಿಯುವುದು ಬಲು ಕಷ್ಟ. ಮೊಣಕೈವರೆಗೆ ಮಾತ್ರ ಸುತ್ತಿದ ಬ್ಯಾಂಡೇಜ್ ಅಥವಾ ಬಿದಿರಿನ ದಬ್ಬೆಯ ಕಟ್ಟು ಇನ್ನೂ ಅಪಾಯಕಾರಿ, ಏಕೆಂದರೆ ಅದು ಮುರಿತದ ಕೆಳಗೆ ಭಾರವನ್ನು ಸೇರಿಸಿ, ಕಾಲು ಬೀಸಿದಾಗಲೆಲ್ಲ ಮುರಿದ ಜಾಗದಲ್ಲೇ ಮಡಚುವಂತೆ ಮಾಡುತ್ತದೆ. ಹೀಗಾಗಿ ದೂರದಿಂದ ಫೋನ್ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಏನನ್ನೂ ಕಟ್ಟಬೇಡಿ, ಮುರಿದ ಕಾಲು ಮೇಲೆ ಬರುವಂತೆ ಮಲಗಿಸಿ, ಹಲಗೆಯ ಮೇಲೋ ದಪ್ಪ ಕಂಬಳಿಯಲ್ಲೋ ಎತ್ತಿಕೊಂಡು ಬನ್ನಿ. ಮಕ್ಕಳ ವಿಷಯದಲ್ಲಿಯೂ ಬಿಗಿ ಕಟ್ಟಿನ ಎಚ್ಚರಿಕೆ ಅಷ್ಟೇ ಮುಖ್ಯ; ಮೊಣಕೈಯ ತುಸು ಮೇಲೆ ಮೂಳೆ ಮುರಿದ ಮಗುವಿಗೆ ಬಿಗಿಯಾಗಿ ಕಟ್ಟಿದರೆ ರಕ್ತ ಓಡದೆ ಮುಂಗೈ ಸ್ನಾಯುಗಳು ಸತ್ತು, ಬೆರಳುಗಳು ಶಾಶ್ವತವಾಗಿ ಮುದುಡಿಕೊಳ್ಳುತ್ತವೆ ಎಂಬುದನ್ನು ಜರ್ಮನಿಯ ರಿಚರ್ಡ್ ಫಾನ್ ಫೋಕ್‌ಮನ್ 1881ರಲ್ಲೇ ವಿವರಿಸಿದ್ದರು.

ಪ್ರಾಣಿ ಬಂದ ಕೂಡಲೇ ನಾನು ಮುರಿದ ಮೂಳೆಗಿಂತ ಮೊದಲು ಎದೆಯನ್ನು ಪರೀಕ್ಷಿಸುತ್ತೇನೆ. ಹ್ಯೂಮರಸ್ ಮುರಿಯುವಷ್ಟು ಬಲದ ಪೆಟ್ಟು ಬಿದ್ದಿದ್ದರೆ ಅದರ ಹಿಂದೆಯೇ ಇರುವ ಪಕ್ಕೆಲುಬುಗಳಿಗೂ ಶ್ವಾಸಕೋಶಕ್ಕೂ ಪೆಟ್ಟಾಗಿರುವ ಸಾಧ್ಯತೆ ಹೆಚ್ಚು, ಮತ್ತು ಜಜ್ಜಿದ ಶ್ವಾಸಕೋಶದ ಸ್ಥಿತಿ ಮೊದಲ ಒಂದೆರಡು ದಿನಗಳಲ್ಲಿ ಇನ್ನಷ್ಟು ಕೆಡಬಹುದು. ಮೂಳೆ ಕಾಯುತ್ತದೆ, ಉಸಿರು ಕಾಯುವುದಿಲ್ಲ. ಆದ್ದರಿಂದ ಎದೆಯ ಎಕ್ಸ್‌ರೇ ತೃಪ್ತಿಕರವಾಗಿ ಕಾಣುವವರೆಗೆ ನೋವಿಗೆ ಔಷಧಿ ಕೊಟ್ಟು, ಅರಿವಳಿಕೆಯನ್ನು ಮುಂದಕ್ಕೆ ಹಾಕುತ್ತೇನೆ.

ಎರಡನೆಯದು ರೇಡಿಯಲ್ ನರ. ಮನುಷ್ಯನಲ್ಲಾಗಲಿ ನಾಯಿಯಲ್ಲಾಗಲಿ ಈ ನರವು ಹ್ಯೂಮರಸ್‌ನ ಹಿಂಬದಿಯಿಂದ ಹೊರಬದಿಗೆ ಸುತ್ತಿಕೊಂಡು ಇಳಿಯುತ್ತದೆ. ಮುರಿದ ಮೂಳೆಯ ಚೂಪು ತುದಿ ಮೊದಲು ತಗಲುವುದು ಇದಕ್ಕೇ. ಮನುಷ್ಯರಲ್ಲಿ ಈ ಮೂಳೆಯ ನಡುಭಾಗ ಮುರಿದವರ ಪೈಕಿ ಸುಮಾರು ಹತ್ತರಲ್ಲೊಬ್ಬರಿಗೆ ಮಣಿಕಟ್ಟು ಎತ್ತಲಾಗದಂತೆ ಜೋತುಬೀಳುತ್ತದೆ, ಅವರಲ್ಲಿ ಬಹುಪಾಲು ಜನರಿಗೆ ಕೆಲವು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ರೋಗಿಗೆ "ಹೆಬ್ಬೆರಳು ಮೇಲೆತ್ತಿ" ಎಂದರೆ ವೈದ್ಯರಿಗೆ ಉತ್ತರ ಸಿಕ್ಕಿಬಿಡುತ್ತದೆ. ನಾಯಿಗೆ ಹಾಗೆ ಹೇಳುವಂತಿಲ್ಲ. ಅಷ್ಟೇ ಅಲ್ಲ, ನರ ಸರಿಯಿದ್ದರೂ ಹ್ಯೂಮರಸ್ ಮುರಿದ ನಾಯಿ ಮೊಣಕೈ ಇಳಿಬಿಟ್ಟು, ಪಾದದ ಮೇಲ್ಭಾಗವನ್ನೇ ನೆಲಕ್ಕೂರಿ ನಿಲ್ಲುವುದರಿಂದ ಕಣ್ಣಳತೆ ಇಲ್ಲಿ ಸಾಲದು. ಪಾದದ ಮೇಲ್ಭಾಗದ ಚರ್ಮವನ್ನೂ ಬೆರಳುಗಳನ್ನೂ ಇಕ್ಕಳದಲ್ಲಿ ಹಿಡಿದು ಒತ್ತುತ್ತ ನಾನು ನೋಡುವುದು ಕಾಲನ್ನಲ್ಲ, ಮುಖವನ್ನು. ಕಾಲು ಎಳೆದುಕೊಳ್ಳುವ ಶಕ್ತಿ ಇಲ್ಲದಿದ್ದರೂ ನಾಯಿ ತಿರುಗಿ ನೋಡಿದರೆ, ಕಿರುಗುಟ್ಟಿದರೆ, ಕಣ್ಣಗಲಿಸಿದರೆ ನೋವು ಮಿದುಳಿಗೆ ತಲುಪುತ್ತಿದೆ ಎಂದರ್ಥ. ಆ ಪ್ರತಿಕ್ರಿಯೆ ಸ್ವಲ್ಪವೂ ಇಲ್ಲದಿದ್ದರೆ, ಮೂಳೆ ಕೂಡಿದರೂ ಕಾಲು ಉಪಯೋಗಕ್ಕೆ ಬಾರದಿರಬಹುದು ಎಂಬುದನ್ನು ಮನೆಯವರಿಗೆ ಶಸ್ತ್ರಚಿಕಿತ್ಸೆಗೆ ಮೊದಲೇ ಬಿಡಿಸಿ ಹೇಳುತ್ತೇನೆ.

ಹೊರಬದಿಯಿಂದ ತೆರೆದಾಗ ಬ್ರೇಕಿಯಾಲಿಸ್ ಸ್ನಾಯುವಿನ ಮೇಲೆ ಬೆಳ್ಳಗೆ ಹೊಳೆಯುವ ದಾರದಂತೆ ಈ ನರ ಕಾಣಿಸುತ್ತದೆ. ಅದು ಕಣ್ಣಿಗೆ ಬೀಳುವವರೆಗೆ ಮೂಳೆಯ ಯಾವ ತುಂಡಿಗೂ ಕೈಹಚ್ಚುವುದಿಲ್ಲ. ಕಂಡ ಮೇಲೆ ಸಲೈನ್‌ನಲ್ಲಿ ನೆನೆಸಿದ ಮೆತ್ತನೆಯ ಪಟ್ಟಿಯೊಂದನ್ನು ಸ್ನಾಯುವಿಗೂ ನರಕ್ಕೂ ಸೇರಿಸಿ ಬಳಸಿ, ಎರಡನ್ನೂ ಒಟ್ಟಿಗೇ ಸರಿಸುತ್ತೇನೆ. ನಡುಭಾಗದ ಸರಳ ಮುರಿತ, ಹಗುರವಾದ ನಾಯಿಯಾದರೆ ಮಜ್ಜೆಯ ಕೊಳವೆಯ ಕಿರಿದಾದ ಜಾಗವನ್ನು ಸುಮಾರು 70 ಪ್ರತಿಶತ ತುಂಬುವ ಸ್ಟೈನ್‌ಮನ್ ಪಿನ್ ಎಂಬ ಲೋಹದ ಸರಳು ಹಾಕಬಹುದು. ಆದರೆ ಪಿನ್ ಬಾಗುವಿಕೆಯನ್ನು ತಡೆಯುತ್ತದೆಯೇ ಹೊರತು ತಿರುಚುವಿಕೆಯನ್ನಲ್ಲ; ಅದಕ್ಕೆ ತಂತಿ ಸುತ್ತೋ, ಹೊರಗಿನ ಫಿಕ್ಸೇಟರ್ (ಪಿನ್ನುಗಳ ಮೂಲಕ ಮೂಳೆಯನ್ನು ಚರ್ಮದ ಹೊರಗಿನಿಂದ ಹಿಡಿದಿಡುವ ಚೌಕಟ್ಟು) ಜೋಡಿಸಿಯೋ ಬೆಂಬಲ ಕೊಡಬೇಕು. ದೊಡ್ಡ ನಾಯಿಗಳಿಗೂ ಚೂರುಚೂರಾದ ಮುರಿತಕ್ಕೂ ನನ್ನ ಆಯ್ಕೆ ಪ್ಲೇಟ್, ಅಂದರೆ ಸ್ಕ್ರೂಗಳಿಂದ ಮೂಳೆಗೆ ಬಿಗಿಯುವ ಲೋಹದ ತಗಡು. ಎತ್ತರದಿಂದ ಹಾರಿ ಬಿದ್ದ ಮರಿನಾಯಿಗಳಲ್ಲಿ ಕೆಳತುದಿಯ ಹೊರ ಕಾಂಡೈಲ್ (ಮೊಣಕೈ ಕೀಲಿನಲ್ಲಿ ಸೇರುವ ಉಬ್ಬು) ಒಡೆದು ಬರುವುದು ಹೆಚ್ಚು. ಅದು ಕೀಲಿನೊಳಗಿನ ಮುರಿತವಾದ್ದರಿಂದ ಎರಡು ತುಂಡುಗಳನ್ನು ಕೂದಲೆಳೆಯ ಅಂತರವೂ ಇಲ್ಲದಂತೆ ಜೋಡಿಸಿ, ಅಡ್ಡಲಾಗಿ ಒಂದು ಸ್ಕ್ರೂ ಬಿಗಿದು, ತುಂಡು ತಿರುಗದಂತೆ ತೆಳು ಪಿನ್ ಒಂದನ್ನು ಹಾಕುತ್ತೇನೆ. ಬೆಕ್ಕಿನ ಹ್ಯೂಮರಸ್‌ನ ಕೆಳತುದಿಯ ಒಳಬದಿಯಲ್ಲಿ ಒಂದು ರಂಧ್ರವಿದ್ದು ಮೀಡಿಯನ್ ನರವೂ ರಕ್ತನಾಳವೂ ಅದರೊಳಗೇ ಹಾದುಹೋಗುತ್ತವೆ. ನಾಯಿಯಲ್ಲಿ ಆ ರಂಧ್ರವಿಲ್ಲ. ನಾಯಿಗೆ ಪಿನ್ ಹಾಕಿ ಕೈ ಪಳಗಿದವರು ಬೆಕ್ಕಿನಲ್ಲಿ ಆ ಬದಿಗೆ ಪಿನ್ ಇಳಿಸುವಾಗ ತುಂಬ ಜಾಗರೂಕರಾಗಿರಬೇಕು.

ಮೂಳೆ ಚಿಕಿತ್ಸೆಯಲ್ಲಿ ಜ್ಞಾನವು ಮನುಷ್ಯವೈದ್ಯದಿಂದ ಪಶುವೈದ್ಯಕ್ಕೆ ಮಾತ್ರ ಹರಿದಿದೆ ಎಂದು ಹಲವರು ತಿಳಿದಿದ್ದಾರೆ. ಆದರೆ ಅಮೆರಿಕದ ಪಶುವೈದ್ಯ ಒಟ್ಟೊ ಸ್ಟೇಡರ್ 1930ರ ದಶಕದಲ್ಲಿ ನಾಯಿಗಳಿಗೆಂದು ರೂಪಿಸಿದ ಹೊರಗಿನ ಫಿಕ್ಸೇಟರನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆಯ ವೈದ್ಯರು ಗಾಯಾಳುಗಳಿಗೆ ಬಳಸಿದರು. ನಮ್ಮ ವೃತ್ತಿಯವರು ಇದನ್ನು ಅಭಿಮಾನದಿಂದ ನೆನೆಯಬೇಕು.

ಇನ್ನು ಕರುಗಳ ವಿಷಯಕ್ಕೆ ಬಂದರೆ, ಕೊಯ್ಯಬೇಕೆಂಬ ಒತ್ತಾಯ ನನ್ನಲ್ಲಿಲ್ಲ. ದನಗಳ ಭುಜದ ಸುತ್ತ ಸ್ನಾಯು ದಟ್ಟವಾಗಿರುವುದರಿಂದ, ಚರ್ಮ ಹರಿಯದೆ ತುಂಡುಗಳು ಹೆಚ್ಚು ಸರಿಯದೆ ಇದ್ದು, ನರವೂ ಕೆಲಸ ಮಾಡುತ್ತಿದ್ದರೆ ಕೊಟ್ಟಿಗೆಯ ವಿಶ್ರಾಂತಿಯಲ್ಲೇ ಅನೇಕ ಮುರಿತಗಳು ಕೂಡಿಕೊಳ್ಳುತ್ತವೆ. ಅದಕ್ಕೆ ಎರಡು ಮೂರು ತಿಂಗಳ ತಾಳ್ಮೆ ಬೇಕು. ಜಾರದ ನೆಲ, ದಪ್ಪನೆಯ ಹುಲ್ಲಿನ ಹಾಸು, ತಲೆಯ ಹತ್ತಿರವೇ ಮೇವು ನೀರು ಬೇಕು, ಜೊತೆಗೆ ಪೂರ್ತಿ ಭಾರ ಹೊರುವ ಇನ್ನೊಂದು ಮುಂಗಾಲಿನ ಮೇಲೂ ಗಮನವಿರಬೇಕು. ನೋವಿಗೆ ಮೆಲೋಕ್ಸಿಕಾಮ್ ಸಾಕು. ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್ ತಂದು ದನಕ್ಕೆ ಕೊಡುವವರು ಇನ್ನೂ ಇದ್ದಾರೆ. ಆ ಔಷಧಿ ಸೇರಿದ ದನದ ಕಳೇಬರ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂಬ ಕಾರಣಕ್ಕೆ 2006ರಲ್ಲೇ ಪ್ರಾಣಿಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಗಿದೆ.

ಶಸ್ತ್ರಚಿಕಿತ್ಸೆಯ ನಂತರ ನಾನು ಅತಿ ಹೆಚ್ಚು ಒತ್ತಿ ಹೇಳುವುದು ಮೊಣಕೈ ವ್ಯಾಯಾಮದ ಬಗ್ಗೆ. ಮೂಳೆ ಚೆನ್ನಾಗಿ ಕೂಡಿಯೂ ಕೀಲು ಬಿಗಿದುಕೊಂಡರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಆದ್ದರಿಂದ ದಿನಕ್ಕೆ ಹಲವು ಬಾರಿ ಮೊಣಕೈಯನ್ನು ಮೆಲ್ಲಗೆ ಮಡಚಿ ಬಿಡಿಸುವುದನ್ನು ಮನೆಯವರಿಂದಲೇ ಮಾಡಿಸಿ ನೋಡಿ ಕಳಿಸುತ್ತೇನೆ. ನರ ಜಖಂಗೊಂಡಿದ್ದರೆ ಅದು ಮತ್ತೆ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅಲ್ಲಿಯವರೆಗೆ ಪಾದದ ಮೇಲ್ಭಾಗ ನೆಲಕ್ಕೆ ಉಜ್ಜಿ ಹುಣ್ಣಾಗದಂತೆ ಹೊರಗೆ ಓಡಾಡಿಸುವಾಗ ದಪ್ಪ ಬಟ್ಟೆಯ ಬೂಟು ಹಾಕಬೇಕು. ಮರಿಗಳ ಮೂಳೆ ಒಂದೂವರೆ ತಿಂಗಳೊಳಗೆ, ಬೆಳೆದ ನಾಯಿಗಳದ್ದು ಎರಡು ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಕೂಡುತ್ತದೆ. ಕೂಡಿದ ಮೇಲೆ ಚರ್ಮದಡಿ ತುದಿ ಸಿಗುವ ಪಿನ್ನನ್ನು ತೆಗೆಯುತ್ತೇನೆ. ಪ್ಲೇಟನ್ನು, ಸೋಂಕು ತಗಲಿದ್ದರೆ ಅಥವಾ ಸ್ಕ್ರೂ ಸಡಿಲವಾಗಿದ್ದರೆ ಹೊರತು, ಹಾಗೆಯೇ ಬಿಡುತ್ತೇನೆ, ಏಕೆಂದರೆ ಅದನ್ನು ತೆಗೆಯಲು ಹೋದರೆ ಗಾಯದ ಕಲೆಗಟ್ಟಿದ ಅಂಗಾಂಶದೊಳಗೆ ಹುದುಗಿರುವ ಅದೇ ರೇಡಿಯಲ್ ನರವನ್ನು ಮತ್ತೊಮ್ಮೆ ಹುಡುಕಬೇಕಾಗುತ್ತದೆ. ಮನುಷ್ಯರ ತೋಳಿನ ಪ್ಲೇಟನ್ನು ನನ್ನ ಸ್ನೇಹಿತರು ಸಾಮಾನ್ಯವಾಗಿ ಮುಟ್ಟದಿರುವುದೂ ಇದೇ ಕಾರಣಕ್ಕೆ.