ತಪ್ಪು ಮಾತ್ರೆ ಹೊಟ್ಟೆ ಸೇರಿದ ಮೇಲೆ: ವೃದ್ಧಾಶ್ರಮದಲ್ಲಿ ನಾವು ನಿಗಾ ಇಡುವ ರೀತಿ

ಪಕ್ಕದ ಮಂಚದವರ ಗ್ಲಿಮೆಪಿರೈಡ್ ಎಂಬ ಶುಗರ್ ಇಳಿಸುವ ಮಾತ್ರೆಯನ್ನು ಶುಗರೇ ಇಲ್ಲದ ಅಜ್ಜಿ ನುಂಗಿದರು ಅಂತಿಟ್ಟುಕೊಳ್ಳಿ. ವಾಂತಿ ಮಾಡಿಸಲು ಹೋಗುವುದಿಲ್ಲ. ಅದು ಶ್ವಾಸನಾಳಕ್ಕೆ ಇಳಿದರೆ ಇನ್ನೊಂದು ಫಜೀತಿ. ಮಾತ್ರೆಯ ಹೆಸರು, ಮಿಲಿಗ್ರಾಂ, ನುಂಗಿದ ಹೊತ್ತು, ದಿನನಿತ್ಯದ ಮಾತ್ರೆಗಳ ಪಟ್ಟಿ, ಕಿಡ್ನಿಯ ಸ್ಥಿತಿ ಕೈಯಲ್ಲಿಟ್ಟುಕೊಂಡು ಕೂಡಲೇ ಡಾಕ್ಟರಿಗೆ ಫೋನ್. ಆಸ್ಪತ್ರೆಗೆ ಕಳಿಸಿ ಎಂದರೆ ವಾದಿಸದೆ ಕಳಿಸುತ್ತೇವೆ.

ಇಲ್ಲೇ ನೋಡಿಕೊಳ್ಳಿ ಎಂದರೆ ಶುಗರ್ ಗಂಟೆಗೊಮ್ಮೆ, ರಾತ್ರಿಯೂ. ಮೊದಲ ರೀಡಿಂಗ್ ನಾರ್ಮಲ್ ಇತ್ತೆಂದು ಚಾರ್ಟ್ ಮುಚ್ಚಿಡುವವರೇ ಜಾಸ್ತಿ. ಈ ಮಾತ್ರೆ ರಕ್ತದಲ್ಲಿ ಏರಲು 2–3 ಗಂಟೆ ಬೇಕು, ಪ್ರಭಾವ 24 ಗಂಟೆ ಎಳೆಯುತ್ತದೆ, ಕಿಡ್ನಿ ಸೋತಿದ್ದರೆ ಇನ್ನೂ ಹೆಚ್ಚು. ಚುಚ್ಚುವ ಮೊದಲು ಬೆರಳು ತೊಳೆದು ಒರೆಸಬೇಕು. ಬಾಳೆಹಣ್ಣಿನ ಅಂಟು ಉಳಿದಿದ್ದರೂ ಮೀಟರ್ ಸುಳ್ಳೇ ಹೆಚ್ಚು ತೋರಿಸುತ್ತದೆ.

ಶುಗರ್ 70ಕ್ಕಿಂತ (mg/dL) ಇಳಿದರೆ ಮೂರು ಚಮಚ, ಅಂದರೆ ಸುಮಾರು 15 ಗ್ರಾಂ ಸಕ್ಕರೆ ನೀರಿಗೆ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡುತ್ತೇವೆ, ಡಾಕ್ಟರಿಗೂ ತಿಳಿಸುತ್ತೇವೆ. ವೋಗ್ಲಿಬೋಸ್ ಎಂಬ ಇನ್ನೊಂದು ಶುಗರ್ ಮಾತ್ರೆ ತೆಗೆದುಕೊಳ್ಳುವವರಾದರೆ ಸಕ್ಕರೆ ಬೇಗ ಒಡೆಯದು, ಗ್ಲೂಕೋಸ್ ಪುಡಿಯೇ ಆಗಬೇಕು. ಏರಿದ ಶುಗರ್ ಮತ್ತೆ ಕುಸಿಯುತ್ತದೆ, ಆದ್ದರಿಂದ ಹಿಂದೆಯೇ ಊಟ. ಎಚ್ಚರ ಮಂಕಾಗಿದ್ದರೆ ಬಾಯಿಗೆ ಹನಿಯೂ ಹಾಕಬಾರದು, 108ಕ್ಕೆ ಕರೆ.

ಲಕ್ಷಣ ನಂಬಿ ಕೂರುವಂತಿಲ್ಲ. ಬಿಪಿ, ಹೃದಯಕ್ಕೆ ಕೊಡುವ ಮೆಟೊಪ್ರೊಲಾಲ್ ನುಂಗುವವರಲ್ಲಿ ನಡುಕ, ಎದೆಬಡಿತ ಮರೆಯಾಗುತ್ತವೆ. ಬೆವರು ಮಾತ್ರ ಉಳಿಯುತ್ತದೆ, ಕತ್ತಿನ ಹಿಂದೆ ಕೈಯಿಟ್ಟು ನೋಡಿ. ಸಂಬಂಧವಿಲ್ಲದ ಮಾತು, ಹಠಾತ್ ಸಿಡುಕು ಕಂಡರೆ ‘ವಯಸ್ಸಾಯ್ತಲ್ಲ’ ಅನ್ನದೆ ಮೀಟರ್ ತೆಗೆಯಿರಿ. ‘ಚೆನ್ನಾಗಿ ಮಲಗಿದ್ದಾರೆ’ ಎಂಬ ನೋಟ್ ನನಗೆ ಒಪ್ಪಿಗೆಯಿಲ್ಲ, ಎಬ್ಬಿಸಿ ಮಾತಾಡಿಸಬೇಕು.

ಉಳಿದ ಮಾತ್ರೆಗಳ ಗಡಿಯಾರವೇ ಬೇರೆ. ಬಿಪಿ ಇಳಿಸುವ ಅಮ್ಲೋಡಿಪಿನ್ ಎರಡು ಸಲ ಹೋದರೆ 6–12 ಗಂಟೆಯ ಹೊತ್ತಿಗೆ ಜೋರು. ಮಲಗಿಸಿ ಬಿಪಿ, ನಿಂತ 1 ಮತ್ತು 3ನೇ ನಿಮಿಷಕ್ಕೆ ಮತ್ತೆ. ಮೇಲಿನ ಅಂಕಿ 20 ಇಳಿದರೆ ಬಾತ್‌ರೂಮಿಗೆ ಒಂಟಿಯಾಗಿ ಬಿಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಹೆಚ್ಚಾದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬ ಪರೀಕ್ಷೆಯ ಅಂಕಿ) ಏರುವುದು ಎರಡು-ಮೂರು ದಿನಕ್ಕೆ. ವಸಡಿನಲ್ಲಿ ರಕ್ತ, ಕಪ್ಪು ಮಲ ಗಮನಿಸಿ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ದಿನಾ ಹೋಗಿದ್ದರೆ ಬಾಯಿಹುಣ್ಣಿಗೆ ಕಾಯುವಂತಿಲ್ಲ, ಅವತ್ತೇ ಆಸ್ಪತ್ರೆ.

ಡ್ಯೂಟಿ ಬದಲಾಗುವಾಗ ‘ಅಬ್ಸರ್ವ್ ಮಾಡಿ’ ಎಂದಷ್ಟೇ ಬರೆದರೆ ರಾತ್ರಿಯವರಿಗೆ ಏನೂ ಗೊತ್ತಾಗದು. ಮುಂದಿನ ಚೆಕ್ ಎಷ್ಟು ಹೊತ್ತಿಗೆ, ಯಾವ ಅಂಕಿಗೆ ಡಾಕ್ಟರನ್ನು ಎಬ್ಬಿಸಬೇಕು, ನಿಗಾ ಯಾವಾಗ ಮುಗಿಯುತ್ತದೆ ಎಂದು ಬರೆದು ಮಂಚಕ್ಕೆ ತೂಗುಹಾಕುತ್ತೇವೆ.